ನಗ್ಗಿದ ಅಲ್ಯೂಮಿನಿಯಂ ದೋಣಿಯ ರಿಪೇರಿ: ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು

ಅಮೆರಿಕದ ಮಿನೆಸೋಟ ಮತ್ತು ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊ ಮೊದಲಾದ ಸರೋವರಗಳ ನಾಡಿನಲ್ಲಿ 12ರಿಂದ 16 ಅಡಿ ಉದ್ದದ ಅಲ್ಯೂಮಿನಿಯಂ ದೋಣಿ ಮನೆಯಂಗಳದಲ್ಲಿ ಟ್ರೇಲರ್ ಮೇಲೆ ನಿಂತಿರುವುದು ದಿನನಿತ್ಯದ ನೋಟ. ವಿಮಾನಗಳನ್ನು ತಯಾರಿಸುತ್ತಿದ್ದ ಗ್ರಮ್ಮನ್ ಕಂಪನಿಯು ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅಲ್ಯೂಮಿನಿಯಂ ಕ್ಯಾನೂಗಳ (ಹುಟ್ಟು ಹಾಕಿ ನಡೆಸುವ ಕಿರಿದೋಣಿಗಳ) ತಯಾರಿಕೆಗೆ ಇಳಿಯಿತು. 1948ರಲ್ಲಿ ಮಿನೆಸೋಟದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಲುಂಡ್ ಎಂಬ ಕಂಪನಿಯ ದೋಣಿಗಳು ಹುಟ್ಟಿಕೊಂಡವು. ವಿಮಾನದ ಮೈಗೆ ತಗಡು ಕೂಡಿಸುವ ರಿವೆಟ್ (ರಂಧ್ರದಲ್ಲಿ ಕೂರಿಸಿ ತುದಿ ಜಜ್ಜುವ ಲೋಹದ ಮೊಳೆ) ವಿದ್ಯೆಯೇ ದೋಣಿಗೂ ಬಂದಿತು. ಹೀಗಾಗಿ ಈ ದೋಣಿಗಳ ರಿಪೇರಿಯಲ್ಲಿ ಇಂದಿಗೂ ವಿಮಾನದ ತಗಡು ಕೆಲಸದ ನಿಯಮಗಳೇ ನಡೆಯುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಮೀನು ಹಿಡಿಯುವ ಹವ್ಯಾಸಕ್ಕೆ ಹಳೆಯದೊಂದು ದೋಣಿಯನ್ನು ಕೊಳ್ಳುವುದುಂಟು. ಆದರೆ ನಮ್ಮ ಕರಾವಳಿಯ ದೋಣಿಗಳು ಹೆಚ್ಚಾಗಿ ಮರದವು ಅಥವಾ ಫೈಬರ್‌ನವು ಆಗಿರುವುದರಿಂದ, ಅಲ್ಯೂಮಿನಿಯಂ ದೋಣಿಯ ತಳಕ್ಕೆ ಬಂಡೆ ತಾಗಿ ನಗ್ಗಿದಾಗ ಏನು ಮಾಡಬೇಕೆಂಬುದು ಊರಿನಿಂದ ಜೊತೆಗೆ ಬಂದ ತಿಳಿವಳಿಕೆಯಲ್ಲ. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಒಂದೆಡೆ ಕೊಡುವುದೇ ಈ ಬರಹದ ಉದ್ದೇಶ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಗ್ಗು ಕಣ್ಣಿಗೆ ಕಾಣುವ ದೋಷ, ಆದರೆ ದೋಣಿಯನ್ನು ಮುಳುಗಿಸುವ ದೋಷ ಅದಲ್ಲ. ನಗ್ಗಿನ ಅಂಚಿನಲ್ಲಿ ಹುಟ್ಟಿರಬಹುದಾದ ಕೂದಲೆಳೆಯ ಬಿರುಕು, ಪಕ್ಕದಲ್ಲಿ ಸಡಿಲಗೊಂಡ ರಿವೆಟ್, ಒಳಗೆ ಬಾಗಿದ ರಿಬ್ (ತಗಡಿಗೆ ಆಸರೆಯಾದ ಅಡ್ಡಪಟ್ಟಿ) – ಇವೇ ನಿಜವಾದ ಹಾನಿಗಳು. ಹೊಳೆಯುವ ನುಣುಪನ್ನು ಮರಳಿ ತರಬೇಕೆಂಬ ಹಟದಿಂದ ಬಡಿಯುತ್ತಾ ಹೋದವರು ನಿರಪಾಯದ ನಗ್ಗನ್ನು ಸೋರುವ ಬಿರುಕನ್ನಾಗಿ ಮಾಡಿಕೊಳ್ಳುವ ಸಂಭವವೇ ಹೆಚ್ಚು. ಆದುದರಿಂದ ಈ ಕೆಲಸದಲ್ಲಿ ಬಡಿಯುವುದಕ್ಕಿಂತ ನೋಡುವುದಕ್ಕೆ ಹೆಚ್ಚು ಸಮಯ ಕೊಡಬೇಕು.

ಲೋಹದ ಗುಣ

ರಿವೆಟ್ ಹಾಕಿ ಕಟ್ಟಿದ ಸಣ್ಣ ದೋಣಿಗಳ ತಗಡು ಸಾಮಾನ್ಯವಾಗಿ 5052 ಎಂಬ ಮಿಶ್ರಲೋಹ; ದಪ್ಪ ಸುಮಾರು 1.3 ಮಿ.ಮೀ.ನಿಂದ 2.5 ಮಿ.ಮೀ. ವೆಲ್ಡಿಂಗ್ ಮಾಡಿ ಕಟ್ಟಿದ ದೊಡ್ಡ ದೋಣಿಗಳಲ್ಲಿ 5083 ಅಥವಾ 5086 ಎಂಬ ದಪ್ಪ ಹಾಳೆಗಳನ್ನು ಬಳಸುತ್ತಾರೆ. ಕೀಲ್ (ತಳದ ನಡುವೆ ಉದ್ದಕ್ಕೂ ಸಾಗುವ ಬೆನ್ನುಪಟ್ಟಿ), ಅಂಚುಪಟ್ಟಿ ಮುಂತಾದ ಅಚ್ಚಿನಿಂದ ಹಿಂಡಿ ತೆಗೆದ ಭಾಗಗಳು ಬಹುಮಟ್ಟಿಗೆ 6000 ಸರಣಿಯವು, ಹೆಚ್ಚಾಗಿ 6061. ಈ ವ್ಯತ್ಯಾಸ ಮುಖ್ಯವಾದುದು. 5000 ಸರಣಿಯ ತಗಡು ತನ್ನ ಗಟ್ಟಿತನದ ಒಂದು ಭಾಗವನ್ನು ತಣ್ಣಗಿರುವಾಗಲೇ ರೋಲರ್‌ಗಳ ನಡುವೆ ಒತ್ತಿಸಿಕೊಂಡು ಪಡೆದಿರುತ್ತದೆ. 6061 ತನ್ನ ಗಟ್ಟಿತನವನ್ನು ಕಾಯಿಸಿ ಹದಗೊಳಿಸುವ ಕ್ರಮದಿಂದ ಪಡೆದಿರುತ್ತದೆ. ಎರಡಕ್ಕೂ ಬೆಂಕಿ ತಾಗಿಸಿದರೆ ಆ ಗಟ್ಟಿತನ ಹೋಗುತ್ತದೆ, ಮತ್ತು ಅಂಗಳದಲ್ಲಿ ನಿಂತು ಅದನ್ನು ಮರಳಿ ತರಲಾಗುವುದಿಲ್ಲ.

ನಮ್ಮ ಊರಿನ ಟಿಂಕರಿಂಗ್ ಅಂಗಡಿಗಳಲ್ಲಿ ಕಾರಿನ ಉಕ್ಕಿನ ಬಾಗಿಲನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ, ಹಿಗ್ಗಿದ ಲೋಹವನ್ನು ಕುಗ್ಗಿಸುವುದನ್ನು ನೋಡಿದವರಿಗೆ ದೋಣಿಯ ಮೇಲೂ ಅದೇ ಉಪಾಯ ಮಾಡಬೇಕೆನಿಸಬಹುದು. ದಯವಿಟ್ಟು ಮಾಡಬೇಡಿ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮಿಶ್ರಲೋಹಗಳು ಅದಕ್ಕಿಂತ ಕಡಿಮೆ ಶಾಖದಲ್ಲೇ ಕರಗತೊಡಗುತ್ತವೆ, ಮತ್ತು ಉಕ್ಕಿನಂತೆ ಅದು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. 5052 ತಗಡು 345 ಡಿಗ್ರಿಯ ಆಸುಪಾಸಿನಲ್ಲೇ ಪೂರ್ತಿ ಮೆದುವಾಗಿಬಿಡುತ್ತದೆ. ಬಣ್ಣ ಬದಲಾಗಲಿಲ್ಲವೆಂದು ಕಾಯಿಸುತ್ತಿರುವಾಗಲೇ ತಳದ ಒಂದು ಭಾಗ ಬಲ ಕಳೆದುಕೊಂಡಿರುತ್ತದೆ.

ಇನ್ನೊಂದು ಗುಣವೆಂದರೆ ಚಿಮ್ಮುವಿಕೆ. ಅಲ್ಯೂಮಿನಿಯಂನ ಬಿಗುವು ಉಕ್ಕಿನ ಬಿಗುವಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಒತ್ತಿ ನೇರ ಮಾಡಿದ ತಗಡು ಕೈ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಮರಳುತ್ತದೆ, ಆದುದರಿಂದ ಬೇಕಾದ ಮಟ್ಟವನ್ನು ತುಸು ದಾಟಿಸಿ ಒತ್ತಬೇಕಾಗುತ್ತದೆ. ಜೊತೆಗೆ, ಪ್ರತಿ ಪೆಟ್ಟಿಗೂ ಲೋಹ ಗಡುಸಾಗುತ್ತದೆ. ಗಡುಸಾದಂತೆ ಬಿರಿಯುವ ಸ್ವಭಾವ ಹೆಚ್ಚುತ್ತದೆ. ನಗ್ಗಿದಾಗ ಒಮ್ಮೆ ಬಾಗಿರುವ ಲೋಹವನ್ನು ನಾವು ಎರಡನೆಯ ಬಾರಿ ಬಾಗಿಸುತ್ತಿದ್ದೇವೆ ಎಂಬುದನ್ನು ಕೆಲಸದುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೋಡುವ ಕೆಲಸ

ದೋಣಿಯನ್ನು ನೀರಿನಿಂದ ಹೊರಗೆ ತಂದು ಮೋಟಾರು, ಬ್ಯಾಟರಿ, ಪೆಟ್ರೋಲ್ ಟ್ಯಾಂಕುಗಳನ್ನು ಇಳಿಸಿ, ಒಳಗೂ ಹೊರಗೂ ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕು. 14 ಅಡಿಯ ಬರಿದಾದ ದೋಣಿಯನ್ನು ನಾಲ್ಕು ಜನ ಸೇರಿದರೆ ನಿಧಾನವಾಗಿ ಮಗುಚಿ ಹಾಕಬಹುದು. ತಳಕ್ಕೆ ಒಂದು ಮೀಟರಿನ ನೇರಪಟ್ಟಿಯನ್ನು ಇಟ್ಟು ನಗ್ಗಿನ ಆಳವನ್ನೂ ಅಗಲವನ್ನೂ ಅಳೆದು ಬರೆದುಕೊಳ್ಳಬೇಕು. ಗುರುತು ಹಾಕಲು ಮಾರ್ಕರ್ ಪೆನ್ನನ್ನಾಗಲಿ ಮೇಣದ ಬಳಪವನ್ನಾಗಲಿ ಬಳಸಿ. ಸೀಸದ ಕಡ್ಡಿ ಬೇಡ, ಏಕೆಂದರೆ ಅದರಲ್ಲಿರುವ ಗ್ರಾಫೈಟ್ ತೇವ ಸೇರಿದರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ವಿಮಾನದ ತಗಡು ಕೆಲಸದಲ್ಲಿ ಪೆನ್ಸಿಲನ್ನು ದೂರವಿಡುವುದೂ ಇದೇ ಕಾರಣಕ್ಕೆ.

ಆಳ ಮತ್ತು ಅಗಲ ಎರಡನ್ನೂ ಅಳೆಯಬೇಕು ಎಂದು ಹೇಳುವುದಕ್ಕೆ ಕಾರಣವಿದೆ. 300 ಮಿ.ಮೀ. ಅಗಲದ ನಗ್ಗು 30 ಮಿ.ಮೀ. ಆಳವಿದ್ದರೆ, ಅದನ್ನು ಒಂದು ಸಮನಾದ ಬಿಲ್ಲೆಂದು ಭಾವಿಸಿದಾಗ ಅಲ್ಲಿನ ತಗಡು 300ರಿಂದ ಸುಮಾರು 308 ಮಿ.ಮೀ.ಗೆ ಹಿಗ್ಗಿರುತ್ತದೆ, ಅಂದರೆ ಶೇಕಡ ಮೂರಕ್ಕೂ ಕಡಿಮೆ. ಅದೇ 30 ಮಿ.ಮೀ. ಆಳ 100 ಮಿ.ಮೀ. ಅಗಲದೊಳಗೆ ಬಿದ್ದಿದ್ದರೆ, 100 ಮಿ.ಮೀ. ತಗಡು ಸುಮಾರು 122 ಮಿ.ಮೀ. ಆಗಿರಬೇಕಾಗುತ್ತದೆ. ಸುತ್ತಲಿನ ತಗಡು ಒಂದಿಷ್ಟು ಒಳಕ್ಕೆ ಜಾರಿ ಬಂದಿರಬಹುದಾದ್ದರಿಂದ ನಿಜವಾದ ಹಿಗ್ಗು ಇದಕ್ಕಿಂತ ಕಡಿಮೆಯಿರಬಹುದು. ಆದರೂ ಸಾಮಾನ್ಯ ಹದದ 5052 ತಗಡು ಹರಿಯುವ ಮೊದಲು ತಾಳಿಕೊಳ್ಳುವ ಹಿಗ್ಗು ಶೇಕಡ 12ರ ಆಸುಪಾಸಿನದು ಎಂಬುದನ್ನು ನೆನೆದರೆ, ಚಿಕ್ಕದಾಗಿದ್ದು ಆಳವಾಗಿರುವ ನಗ್ಗನ್ನು ಕಂಡಾಗ ಬಿರುಕು ಇದ್ದೇ ಇದೆ ಎಂದು ತಿಳಿದು ಹುಡುಕುವುದು ಕ್ಷೇಮ. ಅಗಲವಾಗಿ ಹರಡಿಕೊಂಡ, ಮೆತ್ತಗಿನ ಅಂಚುಳ್ಳ ನಗ್ಗು ನೋಡಲು ಭಯಂಕರವಾದರೂ ರಿಪೇರಿಗೆ ಸುಲಭ.

ಬಿರುಕು ಹುಡುಕಲು ಸಂಜೆಗತ್ತಲಲ್ಲಿ ಮಗುಚಿದ ದೋಣಿಯ ಒಳಗೆ ದೀಪವಿಟ್ಟು ಹೊರಗಿನಿಂದ ನೋಡುವುದು ಹಳೆಯ ವಿಧಾನ. ಅದು ತೆರೆದ ಬಿರುಕನ್ನು ತೋರಿಸುತ್ತದೆ, ಮುಚ್ಚಿಕೊಂಡದ್ದನ್ನು ತೋರಿಸುವುದಿಲ್ಲ. ಅದಕ್ಕೆ ಡೈ ಪೆನೆಟ್ರಂಟ್ ಕಿಟ್ ಬೇಕು. ಬಣ್ಣವನ್ನು ಪೂರ್ತಿ ತೆಗೆದ ಬರಿಯ ಲೋಹದ ಮೇಲೆ ಮೊದಲು ಕ್ಲೀನರ್, ನಂತರ ಕೆಂಪು ಬಣ್ಣ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದಿದ್ದ ಕೆಂಪು ಮೇಲೆದ್ದು ಗೆರೆಯಾಗಿ ಕಾಣಿಸುತ್ತದೆ. ಈ ಪರೀಕ್ಷೆಯನ್ನು ನಗ್ಗು ತೆಗೆಯುವ ಮೊದಲು ಒಮ್ಮೆ, ತೆಗೆದ ನಂತರ ಇನ್ನೊಮ್ಮೆ ಮಾಡಬೇಕು. ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಬಿರುಕು ಸಿಗುವುದು ಬಹುತೇಕ ಎರಡನೆಯ ಪರೀಕ್ಷೆಯಲ್ಲೇ.

ರಿವೆಟ್‌ಗಳಿಗೆ ನೀರಿನ ಪರೀಕ್ಷೆ. ದೋಣಿಯನ್ನು ಟ್ರೇಲರ್ ಮೇಲೆ ನೇರವಾಗಿ ಕೂರಿಸಿ, ತೂಬು ಮುಚ್ಚಿ, ಒಳಗೆ ಹತ್ತು ಸೆಂಟಿಮೀಟರಿನಷ್ಟು ನೀರು ತುಂಬಿ ಹೊರಗಿನಿಂದ ತೊಟ್ಟಿಕ್ಕುವ ಕಡೆಯಲ್ಲೆಲ್ಲ ಗುರುತು ಹಾಕಬೇಕು. ಅದಕ್ಕಿಂತ ಹೆಚ್ಚು ತುಂಬಬಾರದು. ತಳದ ಒಂದು ಚದರ ಮೀಟರಿನ ಮೇಲೆ ಹತ್ತು ಸೆಂಟಿಮೀಟರ್ ನೀರೆಂದರೆ ನೂರು ಕಿಲೋ ಭಾರ. ದೋಣಿ ಹೊರಗಿನಿಂದ ಒತ್ತುವ ನೀರನ್ನು ತಾಳಲು ಕಟ್ಟಿದ್ದೇ ಹೊರತು ಒಳಗೆ ತುಂಬಿದ ನೀರನ್ನು ಹೊರಲು ಅಲ್ಲ.

ತೆಗೆಯಬೇಕೋ ಬಿಡಬೇಕೋ

ಮೂತಿಯ ಕಡೆಯ ಪಕ್ಕಗಳಲ್ಲಿ, ನೀರಿನ ಮಟ್ಟಕ್ಕಿಂತ ಮೇಲಿರುವ ನಗ್ಗುಗಳು ಬಿರುಕಿಲ್ಲದಿದ್ದರೆ ಹಾಗೆಯೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ತಳದ ಮುಂಭಾಗದಲ್ಲಿರುವ ಒಂದು ಬೆರಳಿಗಿಂತ ಕಡಿಮೆ ಆಳದ ನಗ್ಗೂ ದೋಣಿಯ ಓಟಕ್ಕೆ ಅಡ್ಡಿ ಮಾಡುವುದಿಲ್ಲ. ಹಿಂಭಾಗದ ಮಾತು ಬೇರೆ. ವೇಗ ಹಿಡಿದಾಗ ದೋಣಿ ನೀರಿನ ಮೇಲೆ ಏರಿ ಸಾಗುವುದು ತಳದ ಹಿಂದಿನ ಮೂರನೆಯ ಒಂದು ಭಾಗದ ಮೇಲೆಯೇ. ಅಲ್ಲಿ ಸ್ವಲ್ಪ ಒಳತಗ್ಗು ಇದ್ದರೂ ನೀರಿನ ಒತ್ತಡ ಹಂಚಿಹೋಗುವ ಕ್ರಮ ಬದಲಾಗಿ ಮೂತಿ ಕೆಳಗೆ ಒತ್ತಿದಂತಾಗುತ್ತದೆ, ಇಲ್ಲವೇ ದೋಣಿ ಒಂದು ಬದಿಗೆ ಎಳೆಯುತ್ತದೆ. ಮೋಟಾರಿನ ಪಂಖಕ್ಕೆ ನೇರ ಮುಂದೆ ಇರುವ ನಗ್ಗಿನಿಂದ ಗಾಳಿ ಬೆರೆತ ನೀರು ಹರಿದು ಪಂಖ ಹಿಡಿತ ತಪ್ಪುತ್ತದೆ. ಮೀನು ತೋರಿಸುವ ಸೋನಾರಿನ ಚಿತ್ರವೂ ಕೆಡುತ್ತದೆ. ಇಂಥವನ್ನು ಸರಿಪಡಿಸಲೇಬೇಕು. ಹಾಗೆಯೇ ರಿಬ್ಬನ್ನೋ ಕೀಲನ್ನೋ ಬಾಗಿಸಿದ ನಗ್ಗನ್ನೂ ಬಿಡುವಂತಿಲ್ಲ. ಕೀಲ್ ಉದ್ದಕ್ಕೂ ತಿರುಚಿಕೊಂಡಿದ್ದರೆ, ಅಥವಾ ಮೋಟಾರು ಕೂರುವ ಹಿಂಬದಿಯ ಹಲಗೆ ತನ್ನ ಕೋನ ಬದಲಿಸಿದ್ದರೆ, ಅದು ಮನೆಯ ಕೆಲಸವಲ್ಲ. ದೋಣಿ ಕಟ್ಟುವವರ ಕಾರ್ಯಾಗಾರಕ್ಕೆ ಒಯ್ಯಬೇಕು.

ನಗ್ಗು ತೆಗೆಯುವುದು

ಒಳಗಿನಿಂದ ನಗ್ಗು ಕೈಗೆ ಸಿಗಬೇಕಾದರೆ ನೆಲಹಾಸಿನ ಹಲಗೆಯನ್ನೂ ಅದರ ಕೆಳಗಿನ ಫೋಮನ್ನೂ ತೆಗೆಯಬೇಕಾಗುತ್ತದೆ. ಈ ಫೋಮ್ ಬರಿಯ ತುಂಬುವಿಕೆಯಲ್ಲ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳು ನೀರು ತುಂಬಿದರೂ ತೇಲುತ್ತಿರಬೇಕೆಂಬ ಕೋಸ್ಟ್ ಗಾರ್ಡ್ ನಿಯಮವಿದೆ. ಆ ತೇಲುವಿಕೆಯನ್ನು ಕೊಡುವುದು ಈ ಫೋಮೇ. ತೆಗೆದಷ್ಟನ್ನು, ನೀರು ಕುಡಿದು ಭಾರವಾಗಿದ್ದರೆ ಹೊಸದನ್ನು, ಮರಳಿ ಇಡಲೇಬೇಕು.

ಸಲಕರಣೆಗಳು ಸರಳ. ರಬ್ಬರಿನ ಸುತ್ತಿಗೆ, ನೈಲಾನ್ ಮುಖದ ಸುತ್ತಿಗೆ, ಮರದ ಕೊಡತಿ, ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದ ಗಟ್ಟಿಮರದ ತುಂಡುಗಳು, ಮರಳು ತುಂಬಿದ ಬಿಗಿಯಾದ ಚೀಲಗಳು, ಟಿಂಕರಿಂಗ್ ಕೆಲಸದವರು ಬಳಸುವ ಡಾಲಿ ಎಂಬ ಉಕ್ಕಿನ ನಯಗಟ್ಟಿ, ಮತ್ತು ಎರಡು ಟನ್ನಿನ ಬಾಟಲ್ ಜಾಕ್. ಉಕ್ಕಿನ ಸುತ್ತಿಗೆಯಿಂದ ತಗಡನ್ನು ನೇರವಾಗಿ ಹೊಡೆಯುವುದು ಬೇಡ: ಅದರ ಗುರುತು ಉಳಿಯುತ್ತದೆ, ಪೆಟ್ಟು ಬಿದ್ದಲ್ಲಿ ತಗಡು ತೆಳುವಾಗಿ ಹಿಗ್ಗುತ್ತದೆ. ಕಿವಿಗೆ ರಕ್ಷಣೆ ಇರಲಿ, ಬರಿದಾದ ದೋಣಿ ತಮಟೆಯಂತೆ ಸದ್ದು ಮಾಡುತ್ತದೆ.

ಕೆಲಸದ ತಿರುಳು ಒಂದೇ ಕ್ರಮದಲ್ಲಿದೆ. ಬಂಡೆ ತಾಗಿದಾಗ ಮೊದಲು ಕುಸಿದದ್ದು ನಗ್ಗಿನ ನಡುಭಾಗ. ಅಂಚು ರೂಪುಗೊಂಡದ್ದು ಕೊನೆಗೆ. ಬಿಡಿಸುವಾಗ ಇದನ್ನು ಹಿಂದುಮುಂದಾಗಿ ಮಾಡಬೇಕು: ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಹೊಸಬರು ನೇರವಾಗಿ ನಡುವಿಗೆ ಹೊಡೆಯುತ್ತಾರೆ. ಆಗ ಅಂಚಿನ ಮಡಿಕೆ ಲೋಹವನ್ನು ಸೆರೆಹಿಡಿದಿರುವುದರಿಂದ ನಡುವಿನ ತಗಡು ಎಲ್ಲಿಗೂ ಹೋಗಲಾಗದೆ ಇನ್ನಷ್ಟು ಹಿಗ್ಗಿ, ಕೊನೆಗೆ ಒಳಕ್ಕೂ ಹೊರಕ್ಕೂ ‘ಡಬ್ ಡಬ್’ ಎಂದು ಪುಟಿಯುವ ಸಡಿಲ ತೇಪೆಯಂತಾಗುತ್ತದೆ.

ಅಗಲವಾದ, ಮೆತ್ತನೆಯ ನಗ್ಗಿಗೆ ದೋಣಿಯನ್ನು ನೇರವಾಗಿಟ್ಟು, ನಗ್ಗಿನ ಹೊರಬದಿಗೆ ಮರಳಿನ ಚೀಲವನ್ನು ಒತ್ತಾಗಿ ಕೂರಿಸಿ, ಒಳಗಿನಿಂದ ಮರದ ತುಂಡನ್ನಿಟ್ಟು ಅದರ ಮೇಲೆ ಹೊಡೆಯಬೇಕು. ಪೆಟ್ಟುಗಳು ಹಗುರವಾಗಿರಲಿ, ಒಂದರ ಅರ್ಧವನ್ನು ಇನ್ನೊಂದು ಮುಚ್ಚುವಂತೆ ಪಕ್ಕಪಕ್ಕದಲ್ಲೇ ಬೀಳಲಿ. ನಗ್ಗಿದ ಪಾತ್ರೆಯನ್ನು ಕಂಚುಗಾರರು ಗೂಟದ ಮೇಲಿಟ್ಟು ತಿರುಗಿಸುತ್ತಾ ಸಣ್ಣ ಪೆಟ್ಟುಗಳಿಂದಲೇ ದುಂಡಗೆ ಮಾಡುವುದನ್ನು ಕಂಡವರಿಗೆ ಈ ಲಯ ಬೇಗ ಕೈಗೆ ಬರುತ್ತದೆ. ಪ್ರತಿ ಸುತ್ತಿಗೂ ನೇರಪಟ್ಟಿ ಇಟ್ಟು ನೋಡಬೇಕು, ಕಣ್ಣು ಮುಚ್ಚಿ ಅಂಗೈಯಿಂದ ಸವರಬೇಕು. ಕಣ್ಣಿಗೆ ತಿಳಿಯದ ಏರಿಳಿತ ಅಂಗೈಗೆ ತಿಳಿಯುತ್ತದೆ.

ಪಕ್ಕದ ಗೋಡೆಯ ದೊಡ್ಡ ನಗ್ಗಿಗೆ ಜಾಕ್ ನೆರವಾಗುತ್ತದೆ. ಎದುರಿನ ಗೋಡೆಗೆ ಎರಡು ರಿಬ್‌ಗಳನ್ನು ದಾಟುವಷ್ಟು ಉದ್ದದ ದಪ್ಪ ತೊಲೆಯನ್ನು ಆನಿಸಿ, ಆ ತೊಲೆಗೂ ನಗ್ಗಿನ ಮೇಲಿಟ್ಟ ಮರದ ತುಂಡಿಗೂ ನಡುವೆ ಜಾಕನ್ನೂ ಒಂದು ನೀಳ ಮರವನ್ನೂ ಕೂರಿಸಬೇಕು. ಅಡ್ಡ ಮಲಗಿಸಿದಾಗ ಕೆಲವು ಬಾಟಲ್ ಜಾಕ್‌ಗಳು ಒತ್ತುವುದಿಲ್ಲ, ಮೊದಲೇ ನೋಡಿಕೊಳ್ಳಿ. ತೊಲೆಯಿಲ್ಲದೆ ಜಾಕನ್ನು ನೇರವಾಗಿ ಎದುರಿನ ತಗಡಿಗೆ ಆನಿಸಿದರೆ ಒಂದು ನಗ್ಗು ಹೋಗಿ ಇನ್ನೊಂದು ಹುಟ್ಟುತ್ತದೆ. ನಿಧಾನವಾಗಿ ಒತ್ತಡ ಏರಿಸಿ, ಒತ್ತಡ ಹಾಗೆಯೇ ಇರುವಾಗ ನಗ್ಗಿನ ಅಂಚಿನ ಸುತ್ತಲೂ ಹೊರಗಿನಿಂದ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಬರಬೇಕು. ಬರಿಯ ಜಾಕಿನಿಂದ ಆಗದ ಕೆಲಸವೂ ಬರಿಯ ಸುತ್ತಿಗೆಯಿಂದ ಆಗದ ಕೆಲಸವೂ ಈ ಎರಡು ಸೇರಿದಾಗ ಆಗುತ್ತದೆ: ಜಾಕ್ ಲೋಹಕ್ಕೆ ಹೋಗಬೇಕಾದ ದಿಕ್ಕನ್ನು ತೋರಿಸಿದರೆ, ತಟ್ಟುವಿಕೆ ಅಂಚಿನಲ್ಲಿ ಸಿಕ್ಕಿಕೊಂಡ ಬಿಗಿತವನ್ನು ಬಿಡಿಸುತ್ತದೆ. ಒತ್ತಡದಲ್ಲಿರುವ ಜಾಕಿನ ನೇರಕ್ಕೆ ಮುಖ ಇಡಬಾರದು. ಮರ ಜಾರಿದರೆ ಅದು ಬಾಣದಂತೆ ಬರುತ್ತದೆ.

ಕೂರಾದ ಮಡಿಕೆ ಬಿದ್ದಿರುವ ನಗ್ಗು ಕಷ್ಟದ್ದು. ಅದಕ್ಕೆ ಇಬ್ಬರು ಬೇಕು: ಒಬ್ಬರು ತಗ್ಗಿನ ಹಿಂದೆ ಡಾಲಿಯನ್ನು ಬಿಗಿಯಾಗಿ ಒತ್ತಿ ಹಿಡಿದರೆ, ಇನ್ನೊಬ್ಬರು ತಗ್ಗಿನ ಪಕ್ಕದ ಉಬ್ಬನ್ನು ಎದುರು ಬದಿಯಿಂದ ನೈಲಾನ್ ಸುತ್ತಿಗೆಯಿಂದ ತಟ್ಟುತ್ತಾರೆ. ಪೆಟ್ಟು ಡಾಲಿಯ ಮೇಲೆಯೇ ಬೀಳಬಾರದು, ಅದರ ಪಕ್ಕದಲ್ಲಿ ಬೀಳಬೇಕು. ಹೀಗೆ ಉಬ್ಬು ಇಳಿಯುವುದೂ ತಗ್ಗು ಏಳುವುದೂ ಒಟ್ಟಿಗೆ ನಡೆಯುತ್ತವೆ. ಲೋಹ ಸುತ್ತಿಗೆ ಮತ್ತು ಡಾಲಿಗಳ ನಡುವೆ ನಜ್ಜುಗುಜ್ಜಾಗಿ ಹಿಗ್ಗುವುದಿಲ್ಲ. ತಗಡಿನ ಆಚೆ ಇರುವವರು ಕಾಣಿಸದ ಕಾರಣ ಹೊಡೆಯುವ ಮುನ್ನ ಕೂಗಿ ಹೇಳುವ ರೂಢಿ ಇರಲಿ. ಮಡಿಕೆಯ ಗೆರೆ ಪೂರ್ತಿ ಮಾಯವಾಗಬೇಕೆಂದು ಬಯಸಬೇಡಿ. ಎಂಬತ್ತು ಪಾಲು ನೇರವಾದಾಗ ನಿಲ್ಲಿಸುವುದು ಲೇಸು. ಉಳಿದ ಇಪ್ಪತ್ತು ಪಾಲಿಗಾಗಿ ಹೊಡೆಯುವ ಪೆಟ್ಟುಗಳೇ ಬಿರುಕನ್ನು ತೆರೆಯುವುದು.

ನಗ್ಗು ತೆಗೆದ ಮೇಲೆ ತಗಡು ಪುಟಿಯುತ್ತಿದ್ದರೆ ಅದು ಹಿಗ್ಗಿದೆ ಎಂದರ್ಥ. ಮತ್ತೆ ಮತ್ತೆ ಬಡಿದು ಅದನ್ನು ಕುಗ್ಗಿಸಲಾಗದು. ಒಳಬದಿಗೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಕೋನಪಟ್ಟಿಯನ್ನು ಸೀಲಂಟ್ (ನೀರು ನುಗ್ಗದಂತೆ ಸಂದು ಮುಚ್ಚುವ ಅಂಟು) ಹಚ್ಚಿ ರಿವೆಟ್ ಮಾಡಿ ಬಿಗಿಗೊಳಿಸುವುದೇ ಸರಿಯಾದ ದಾರಿ.

ರಿವೆಟ್‌ಗಳು

ಸೋರುವ ರಿವೆಟ್ಟನ್ನು ಕೂಡಲೇ ಕೊರೆದು ತೆಗೆಯಬೇಕಾಗಿಲ್ಲ. ಹೊರಗಿನ ತಲೆಗೆ ಭಾರವಾದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು, ಒಳಗಿನ ತುದಿಯನ್ನು ಸುತ್ತಿಗೆಯಿಂದ ಎರಡು ಮೂರು ಬಾರಿ ಗಟ್ಟಿಯಾಗಿ ಹೊಡೆದರೆ ಬಹಳಷ್ಟು ರಿವೆಟ್‌ಗಳು ಮತ್ತೆ ಬಿಗಿಯಾಗುತ್ತವೆ. ತಲೆ ತುಂಡಾದದ್ದನ್ನೋ ರಂಧ್ರ ಉದ್ದುದ್ದಕ್ಕೆ ಸವೆದದ್ದನ್ನೋ ಮಾತ್ರ ಬದಲಿಸಬೇಕು. ಆಗ ತಲೆಯ ನಡುವೆ ಗುರುತು ಕುಟ್ಟಿ, ತಲೆಯಷ್ಟನ್ನೇ ಕೊರೆದು, ಉಳಿದ ದಂಟನ್ನು ಹಿಂದಕ್ಕೆ ತಳ್ಳಿ ತೆಗೆಯುತ್ತಾರೆ. 4.8 ಮಿ.ಮೀ. ದಪ್ಪದ ಗಟ್ಟಿ ರಿವೆಟ್ಟಾದರೆ ತಗಡುಗಳನ್ನು ದಾಟಿ ಸುಮಾರು 7 ಮಿ.ಮೀ. ಹೊರಚಾಚುವ ಉದ್ದವನ್ನು ಆರಿಸಬೇಕು, ಅಂದರೆ ದಪ್ಪದ ಒಂದೂವರೆಯಷ್ಟು. ಹೊಡೆದ ಮೇಲೆ ಆ ತುದಿ ಸುಮಾರು 7 ಮಿ.ಮೀ. ಅಗಲ, 2.4 ಮಿ.ಮೀ. ಎತ್ತರದ ಗುಂಡಿಯಂತಾಗಬೇಕು. ರಂಧ್ರ ಸವೆದು ದೊಡ್ಡದಾಗಿದ್ದರೆ ಮುಂದಿನ ಅಳತೆಯ ರಿವೆಟ್ಟಿಗೆ ಹೋಗಬೇಕು.

ಒಳಬದಿಗೆ ಕೈ ತಲುಪದ ಕಡೆ, ನಡುವಿನ ಕಡ್ಡಿಯನ್ನು ಎಳೆದು ಒಂದೇ ಬದಿಯಿಂದ ಬಿಗಿಸುವ ಪಾಪ್ ರಿವೆಟ್ ಹಾಕುವುದುಂಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಪಾಪ್ ರಿವೆಟ್ಟಿನ ನಡುವೆ ತೂತಿರುತ್ತದೆ, ಎಷ್ಟೋ ಬಾರಿ ಒಳಗಿನ ಕಡ್ಡಿ ಉಕ್ಕಿನದಾಗಿರುತ್ತದೆ: ಒಂದರಿಂದ ನೀರು ಬರುತ್ತದೆ, ಇನ್ನೊಂದರಿಂದ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ತುದಿ ಮುಚ್ಚಿರುವ, ಕಡ್ಡಿಯೂ ಅಲ್ಯೂಮಿನಿಯಂನದೇ ಆಗಿರುವ ಬಗೆಯನ್ನು ಕೇಳಿ ತರಬೇಕು. ಎಲ್ಲ ರಿವೆಟ್‌ಗಳನ್ನೂ ಪಾಲಿಯುರೆಥೇನ್ ಸೀಲಂಟಿನಲ್ಲಿ ಅದ್ದಿ ಹಸಿಯಾಗಿಯೇ ಹೊಡೆಯಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಆ ಆಮ್ಲ ಅಲ್ಯೂಮಿನಿಯಂಗೆ ಆಗದು.

ಬಿರುಕು ಇದ್ದರೆ

ಬಿರುಕಿನ ಎರಡೂ ತುದಿಗಳನ್ನು ಡೈ ಪರೀಕ್ಷೆಯಿಂದ ಖಚಿತವಾಗಿ ಕಂಡುಕೊಂಡು, ತುದಿ ರಂಧ್ರದೊಳಗೆ ಸೇರುವಂತೆ 3 ಮಿ.ಮೀ. ಡ್ರಿಲ್ಲಿನಿಂದ ಕೊರೆಯಬೇಕು. ಕೂರಾದ ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಸೇರಿ ಬಿರುಕು ಮುಂದೆ ಓಡುತ್ತದೆ. ದುಂಡು ರಂಧ್ರ ಅದನ್ನು ಹರಡಿಬಿಡುತ್ತದೆ. ನಂತರ ತೇಪೆ. ತೇಪೆಯ ತಗಡು ಅದೇ 5052, ಅದೇ ದಪ್ಪ ಅಥವಾ ಅದರ ಮುಂದಿನ ಅಳತೆಯ ದಪ್ಪ. ಬಿರುಕಿನಿಂದ ಎಲ್ಲ ಕಡೆಗೂ 50 ಮಿ.ಮೀ.ನಷ್ಟು ಚಾಚಬೇಕು, ಮೂಲೆಗಳು ದುಂಡಗಿರಬೇಕು. ದೋಣಿಯ ಮೈಯ ಬಾಗಿಗೆ ತೇಪೆಯನ್ನು ಮೊದಲೇ ಬಾಗಿಸಿ ಕೂರಿಸಿ ನೋಡಿ. ರಿವೆಟ್ಟಿನ ಬಲದಿಂದ ಎಳೆದು ಕೂರಿಸಿದ ತೇಪೆ ಎಂದಾದರೊಂದು ದಿನ ಬಿಡುತ್ತದೆ. ರಿವೆಟ್‌ಗಳು ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗೆ, ಒಂದಕ್ಕೊಂದು 20ರಿಂದ 25 ಮಿ.ಮೀ. ದೂರದಲ್ಲಿರಲಿ. ಕೊರೆದ ಮೇಲೆ ತೇಪೆಯನ್ನು ಬಿಚ್ಚಿ ರಂಧ್ರಗಳ ಎರಡೂ ಬದಿಯ ಅಂಚಿನಲ್ಲಿ ಎದ್ದ ಚೂಪು ಚೂರುಗಳನ್ನು ಕೆರೆದು, ಅಸಿಟೋನಿನಿಂದ ಒರೆಸಿ, ಸೀಲಂಟ್ ಹಚ್ಚಿ, ನಡುವಿನ ರಿವೆಟ್‌ಗಳಿಂದ ಆರಂಭಿಸಿ ಹೊರಕ್ಕೆ ಹೋಗುತ್ತಾ ಮುಚ್ಚಬೇಕು. ತಳದ ಹಿಂಭಾಗದಲ್ಲಾದರೆ ನೀರಿನ ಹರಿವಿಗೆ ಅಡ್ಡಬಾರದಂತೆ ತೇಪೆಯನ್ನು ಒಳಬದಿಗೆ ಹಾಕುವುದು ಒಳ್ಳೆಯದು. ಮುಂಭಾಗದಲ್ಲಾದರೆ ಹೊರಬದಿಯೇ ಮೇಲು, ಏಕೆಂದರೆ ಅಲ್ಲಿ ನೀರಿನ ಒತ್ತಡವೇ ತೇಪೆಯನ್ನು ಮೈಗೆ ಒತ್ತಿ ಹಿಡಿಯುತ್ತದೆ.

ವೆಲ್ಡಿಂಗ್ ಮಾಡಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ವೆಲ್ಡ್ ಮಾಡಿ ಕಟ್ಟಿದ ದಪ್ಪ ಹಾಳೆಯ ದೋಣಿಗೆ ಅದೇ ಸರಿಯಾದ ರಿಪೇರಿ, ಆದರೆ ಅನುಭವವಿರುವ ಕೈಯಿಂದ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗಿಂತ ಹೆಚ್ಚು ಶಾಖ ಬೇಕು, ಕೆಳಗಿನ ಲೋಹ 660ರಲ್ಲೇ ಕರಗುತ್ತದೆ. ಆದ್ದರಿಂದ ಆಕ್ಸೈಡನ್ನು ಉಜ್ಜಿ ತೆಗೆದು, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಎ.ಸಿ. ಟಿಗ್ ಯಂತ್ರದಿಂದ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ ಯಂತ್ರ), 5000 ಸರಣಿಗೆ 5356ರಂಥ ಕಡ್ಡಿಯಿಂದ ಬೆಸೆಯಬೇಕು. ಒಂದೂವರೆ ಮಿಲಿಮೀಟರಿನ ಹಳೆಯ ರಿವೆಟ್ ದೋಣಿಗೆ ವೆಲ್ಡಿಂಗನ್ನು ನಾನು ಒಪ್ಪುವುದಿಲ್ಲ: ಬೆಸುಗೆಯ ಪಕ್ಕದ ತಗಡು ಮೆತ್ತಗಾಗಿ, ಸುತ್ತಲಿನ ರಿವೆಟ್‌ಗಳು ಶಾಖಕ್ಕೆ ಸಡಿಲಗೊಂಡು, ಒಂದು ಸೋರಿಕೆಯ ಬದಲು ಹಲವಾಗುತ್ತವೆ. ಟಾರ್ಚಿನಿಂದ ಕರಗಿಸಿ ಹಚ್ಚುವ ಸತುವಿನ ಬ್ರೇಜಿಂಗ್ ಕಡ್ಡಿಗಳ ಬಗ್ಗೆಯೂ ಇದೇ ಮಾತು. ಅವಕ್ಕೆ ಬೇಕಾಗುವ ಸುಮಾರು 390 ಡಿಗ್ರಿಯ ಶಾಖ ತಗಡನ್ನು ಮೆದುಗೊಳಿಸಲು ಸಾಕು. ಎಲ್ಲಿಯೇ ವೆಲ್ಡ್ ಮಾಡಿಸಿದರೂ ಹತ್ತಿರದ ಫೋಮನ್ನು ಪೂರ್ತಿ ತೆಗೆಸಬೇಕು. ಪಾಲಿಯುರೆಥೇನ್ ಫೋಮ್ ಹೊತ್ತಿಕೊಂಡರೆ ಹೈಡ್ರೋಜನ್ ಸಯನೈಡ್ ಸೇರಿದಂತೆ ಪ್ರಾಣಾಂತಕ ಅನಿಲಗಳು ಹೊರಬರುತ್ತವೆ. ಪೆಟ್ರೋಲ್ ಟ್ಯಾಂಕು ದೋಣಿಯಲ್ಲಿ ಇರಲೇಬಾರದು.

ತುಂಬುವುದು ಮತ್ತು ಬಣ್ಣ

ಉಳಿದ ಸಣ್ಣ ತಗ್ಗನ್ನು ಸಮ ಮಾಡಬೇಕೆನಿಸಿದರೆ ಎಪಾಕ್ಸಿ ಪುಟ್ಟಿಯನ್ನೇ ಬಳಸಿ. ಕಾರಿಗೆ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುವುದರಿಂದ ನೀರಿನ ಮಟ್ಟದ ಕೆಳಗೆ ನಿಲ್ಲುವುದಿಲ್ಲ. ಮೊದಲು ಜಿಡ್ಡು ತೆಗೆದು ನಂತರ ಉಜ್ಜಬೇಕು. ಹಿಂದುಮುಂದಾದರೆ ಜಿಡ್ಡು ಗೆರೆಗಳೊಳಗೆ ತುಂಬಿಕೊಳ್ಳುತ್ತದೆ. 80ರ ಮರಳು ಕಾಗದ ಸಾಕು. ಉಕ್ಕಿಗೆ ಬಳಸಿದ ಬ್ರಷ್ಷನ್ನಾಗಲಿ ಚಕ್ರವನ್ನಾಗಲಿ ತಾಗಿಸಬಾರದು. ಉಜ್ಜಿದ ಲೋಹದ ಮೇಲೆ ಆಕ್ಸೈಡ್ ಕೂಡಲೇ ಕಟ್ಟತೊಡಗುವುದರಿಂದ, ತೆಳುವಾಗಿ ಎಪಾಕ್ಸಿ ಹಚ್ಚಿ ಅದು ಹಸಿಯಿರುವಾಗಲೇ ಇನ್ನೊಮ್ಮೆ ಉಜ್ಜಿ, ಅದರ ಮೇಲೆ ಪುಟ್ಟಿ ಹಾಕಿದರೆ ಅಂಟು ಬಲವಾಗಿ ಹಿಡಿಯುತ್ತದೆ. ಮೇಲೆ ಎಪಾಕ್ಸಿ ಪ್ರೈಮರ್, ಬಣ್ಣ. ಪಾಚಿ ಹಿಡಿಯದಂತೆ ಹಚ್ಚುವ ತಾಮ್ರದ ಬಣ್ಣಗಳನ್ನು ಅಲ್ಯೂಮಿನಿಯಂ ದೋಣಿಗೆ ಎಂದಿಗೂ ಹಚ್ಚಬಾರದು. ತಾಮ್ರದ ಸಂಯುಕ್ತ ತುಂಬಿದ ಸಂಸ್ಕರಿತ ಮರದ ಹಲಗೆಯನ್ನು ನೆಲಹಾಸಿಗೆ ಹಾಕುವುದೂ ಅಷ್ಟೇ ಅಪಾಯ. ತಾಮ್ರವೂ ಅಲ್ಯೂಮಿನಿಯಂ ಕೂಡ ನೀರಿನಲ್ಲಿ ಜೊತೆಯಾದರೆ ಸವೆಯುವುದು ಅಲ್ಯೂಮಿನಿಯಂ.

ಸೀಲಂಟ್ ಪೂರ್ತಿ ಗಟ್ಟಿಯಾಗಲು ಕೆಲವು ಬಗೆಗಳಿಗೆ ಒಂದು ವಾರ ಬೇಕಾಗುತ್ತದೆ. ಕೊಳವೆಯ ಮೇಲಿನ ಸೂಚನೆಯನ್ನು ಪಾಲಿಸಿ. ಆನಂತರ ಮತ್ತೆ ನೀರಿನ ಪರೀಕ್ಷೆ ಮಾಡಿ, ಹಳೆಯ ಗುರುತುಗಳೆಲ್ಲ ಒಣಗಿವೆಯೇ ಎಂದು ನೋಡಬೇಕು. ಮೊದಲ ಓಟ ದಡದ ಹತ್ತಿರ, ಗಾಳಿಯಿಲ್ಲದ ದಿನ, ಲೈಫ್ ಜಾಕೆಟ್ ಹಾಕಿಕೊಂಡು, ನಿಧಾನ ವೇಗದಲ್ಲಿ ಆಗಲಿ. ದಡಕ್ಕೆ ಬಂದು ತಳದ ನೀರನ್ನು ನೋಡಿದ ಮೇಲೆಯೇ ವೇಗ ಹೆಚ್ಚಿಸಿ. ಆ ಋತುವಿನಲ್ಲಿ ದೋಣಿಯನ್ನು ಟ್ರೇಲರಿಗೆ ಏರಿಸಿದಾಗಲೆಲ್ಲ ಬಿರುಕಿನ ತುದಿಯಲ್ಲಿ ಕೊರೆದ ರಂಧ್ರಗಳ ಕಡೆ, ತೇಪೆಯ ಅಂಚಿನ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ರಂಧ್ರ ದಾಟಿ ಹೊಸ ಗೆರೆ ಹುಟ್ಟಿದ್ದು ಕಂಡರೆ, ಆ ಭಾಗದ ರಿಬ್ ಮುರಿದಿದೆ ಅಥವಾ ತಗಡು ದಣಿದಿದೆ ಎಂದು ತಿಳಿಯಬೇಕು. ತೇಪೆಯ ಮೇಲೆ ತೇಪೆ ಹಾಕದೆ, ಆ ಇಡೀ ಹಾಳೆಯನ್ನೇ ಬದಲಿಸುವ ಬಗ್ಗೆ ದೋಣಿ ಕಟ್ಟುವವರನ್ನು ವಿಚಾರಿಸಬೇಕು.